ಇಂಡಿ ಸಾಲಿನ ಏಳನೆಯ ಹೆಸರು

ಆ ಕೆಲಸ ಒಪ್ಪಿಕೊಂಡಾಗ ಹೆಚ್ಚೆಂದರೆ ಎರಡು ತಿಂಗಳದ್ದು ಎಂದುಕೊಂಡಿದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳಿಂದ ಸೈನ್ಯಕ್ಕೆ ಹೋಗಿ ಯುದ್ಧದಲ್ಲಿ ಸತ್ತವರ ಹೆಸರುಗಳನ್ನು ಕೂಡಿಸಬೇಕು, ಕರಿಕಲ್ಲಿನ ಮೇಲೆ ಕೆತ್ತಿಸಿ ಇಂಡಿಯಲ್ಲಿ ನಿಲ್ಲಿಸಬೇಕು. ಮಾಜಿ ಸೈನಿಕರ ಒಂದು ಸಣ್ಣ ಸಮಿತಿ ಇದನ್ನು ಹಮ್ಮಿಕೊಂಡಿತ್ತು. ಸಿಂದಗಿಯಲ್ಲಿ ಇತಿಹಾಸ ಹೇಳುವ ಮಾಸ್ತರನೆಂದು ಪಟ್ಟಿ ಮಾಡುವ ಹೊಣೆ ನನ್ನ ಕೊರಳಿಗೆ ಬಿತ್ತು. ಬಿತ್ತು ಅನ್ನುವುದು ಸುಳ್ಳು. ನಾನೇ ಕೊರಳು ಚಾಚಿದ್ದೆ.

ಸಮಿತಿಯ ಅಧ್ಯಕ್ಷರು ಬಾಗೇವಾಡಿ ಕಡೆಯ ನಿವೃತ್ತ ಸುಬೇದಾರರು. ಮಾತು ಕಡಿಮೆ, ಮೀಸೆ ಹೆಚ್ಚು. ಮೊದಲ ಸಭೆಯನ್ನು ಅವರ ಮನೆಯ ಪಡಸಾಲೆಯಲ್ಲೇ ಕರೆದರು, ಅಲ್ಲೇ ಜಗಳವೂ ಎದ್ದಿತು. ಒಬ್ಬರು ತಮ್ಮ ಅಜ್ಜನ ಹೆಸರು ಬರಲೇಬೇಕೆಂದು ಪಟ್ಟು ಹಿಡಿದರು. ಅಜ್ಜ ಬ್ರಿಟಿಷರ ಕಾಲದಲ್ಲಿ ಸೈನ್ಯದಲ್ಲಿದ್ದದ್ದು ನಿಜ. ಆದರೆ ಊರಿಗೆ ಮರಳಿ, ಮೊಮ್ಮಕ್ಕಳನ್ನು ಎತ್ತಿ ಆಡಿಸಿ, ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಸತ್ತವರು. ಅವರದು ಬಂದರೆ ನಮ್ಮ ಕಾಕಾನದೂ ಬರಲಿ ಎಂದು ಇನ್ನೊಬ್ಬರು ಎದ್ದು ನಿಂತರು. ಆಗ ನಾನು ಒಂದು ನಿಯಮ ಹೇಳಿದೆ: ಸೈನ್ಯದ ಒಂದು ಕಾಗದ, ಊರಿನ ಒಂದು ಕಾಗದ, ಎರಡರಲ್ಲೂ ಒಂದೇ ಹೆಸರು. ಇಷ್ಟಿದ್ದರೆ ಕಲ್ಲಿಗೆ, ಇಲ್ಲವಾದರೆ ಇಲ್ಲ. ಗದ್ದಲ ತಣ್ಣಗಾಯಿತು. ಸುಬೇದಾರರು ಮೀಸೆ ತೀಡಿಕೊಂಡು, "ಇದು ಛಲೋ ಆತು. ಮಾಸ್ತರ, ಪಟ್ಟಿ ನಿಮ್ಮದು" ಅಂದರು.

ಆ ಮಾತಿನಿಂದ ನನಗೆ ಬಂದ ಹುರುಪು ಸಣ್ಣದಲ್ಲ. ದಪ್ಪನೆಯ ವಹಿಯೊಂದನ್ನು ಕೊಂಡು ಗೆರೆ ಹೊಡೆದು ಮನೆಗಳನ್ನು ಮಾಡಿದೆ. ಸೈನ್ಯದ ನಂಬರು, ಹುದ್ದೆ, ಹೆಸರು, ಊರು, ಯಾವ ಯುದ್ಧ, ಎಲ್ಲಿ ಸತ್ತದ್ದು. ಕೊನೆಗೆ ಒಂದು ಮನೆಯನ್ನು ನನ್ನ ಆಸೆಗೆ ಹಾಕಿಕೊಂಡೆ: ಸುದ್ದಿ ಊರಿಗೆ ಮುಟ್ಟಿದ್ದು ಹೇಗೆ. ರವಿವಾರ, ಹಬ್ಬದ ಸೂಟಿ ಎನ್ನದೆ ಬಸ್ಸು, ಟೆಂಪೊ ಹತ್ತಿ ಊರೂರು ತಿರುಗಿದೆ.

ತರಗತಿಯಲ್ಲಿ ನಾನು ಯುದ್ಧವನ್ನು ಕಾರಣಗಳು, ಘಟನೆಗಳು, ಪರಿಣಾಮಗಳು ಎಂದು ಮೂರು ಭಾಗ ಮಾಡಿ ಬರೆಸುವವನು. ಊರುಗಳಲ್ಲಿ ಈ ಮೂರೂ ಯಾರ ಬಾಯಲ್ಲೂ ಬರಲಿಲ್ಲ. ಹೂವಿನ ಹಿಪ್ಪರಗಿಯಲ್ಲಿ ಎಪ್ಪತ್ತೊಂದರ ಯುದ್ಧಕ್ಕೆ ಹೋಗಿ ಬಂದ ಹಿರಿಯರೊಬ್ಬರು ಸಿಕ್ಕರು. ಗಡಿಯಲ್ಲಿ ಏನು ಕಂಡಿರಿ ಎಂದು ಕೇಳಿದೆ.

"ಏನ್ ಕಾಣಾಕ ಬರ್ತೈತ್ರಿ ಸರ, ಬರೇ ಕೆಸರ. ಮೂರ ದಿನಾ ಬೂಟ ಬಿಚ್ಚಿದ್ದಿಲ್ಲ. ಬಿಚ್ಚಿದಾಗ ಬೂಟಿನ ಕೂಡ ಚರ್ಮಾನೂ ಬಂತು."

"ಗೆದ್ದದ್ದು ನಿಮಗ ಯಾವಾಗ ಗೊತ್ತಾತ್ರಿ?"

"ಅದು ಆಮ್ಯಾಲ, ರೇಡಿಯೋದಾಗ."

ಹದಿಮೂರು ದಿನಗಳ ಯುದ್ಧ ಎಂದು ಹುಡುಗರಿಂದ ಬಾಯಿಪಾಠ ಮಾಡಿಸಿದವನಿಗೆ ಅದನ್ನು ಯಾವ ಮನೆಯಲ್ಲಿ ಬರೆದುಕೊಳ್ಳಬೇಕೆಂದು ತಿಳಿಯಲಿಲ್ಲ. ಬರೆಯದೆ ಬಿಟ್ಟೆ. ನನಗೆ ಬೇಕಾದದ್ದು ಹೆಸರುಗಳು. ನಮ್ಮ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಊರ ಅಗಸಿ ಬಾಗಿಲಲ್ಲಿ, ಹನುಮಪ್ಪನ ಗುಡಿಯ ಹಿಂದೆ ಒಂದಿಲ್ಲೊಂದು ನಿಂತಿರುತ್ತದೆ. ಜನ ಎಣ್ಣೆ ಹಚ್ಚುತ್ತಾರೆ, ಕುಂಕುಮ ಇಡುತ್ತಾರೆ, ಸತ್ತವನ ಹೆಸರು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ನಮ್ಮ ಕಲ್ಲಿಗೆ ಆ ಗತಿ ಬರಬಾರದು, ಅದರಲ್ಲಿ ಹೆಸರಿರಬೇಕು, ಅದೂ ಸರಿಯಾದ ಹೆಸರೇ ಇರಬೇಕು ಎಂದು ಎರಡನೆಯ ಸಭೆಯಲ್ಲಿ ಉದ್ದದ ಭಾಷಣ ಬಿಗಿದೆ. ಚಪ್ಪಾಳೆಯೂ ಬಿತ್ತು.

ಮುದ್ದೇಬಿಹಾಳ ತಾಲೂಕಿನಲ್ಲಿ ಒಬ್ಬನೇ ಸಿಪಾಯಿಯನ್ನು ಎರಡು ಊರಿನವರು ನಮ್ಮವನು ಎಂದರು. ಒಂದು ಹುಟ್ಟಿದ ಊರು, ಇನ್ನೊಂದು ಹೆಂಡತಿಯ ಊರು. ಎರಡು ಕಡೆಯೂ ಫೋಟೋಕ್ಕೆ ಹಾರ ಹಾಕಿದ್ದರು. ಸೈನ್ಯದ ಕಾಗದ ತರಿಸಿ, ಅದರಲ್ಲಿದ್ದ ವಿಳಾಸ ತೋರಿಸಿ ಒಂದು ವಾರದಲ್ಲಿ ಬಗೆಹರಿಸಿದೆ. ಸೋತ ಊರಿನವರೇ ಚಹಾ ಕುಡಿಸಿ ಕಳಿಸಿದರು. ಕಾಗದ ಇದ್ದರೆ ಯಾವ ಗಂಟೂ ಬಿಚ್ಚುತ್ತದೆ ಎಂಬ ಸೊಕ್ಕು ನನಗೆ ಬಂದದ್ದು ಅಲ್ಲಿಯೇ.

ಸೈನ್ಯದ ದಾಖಲೆ ಕಚೇರಿಯಿಂದ ಬಂದ ಪಟ್ಟಿಯಲ್ಲಿ ಇಂಡಿ ತಾಲೂಕಿನ ಏಳನೆಯ ಹೆಸರು ಸಿಪಾಯಿ ಮಹಬೂಬಸಾಬ, ಊರು ತಾಂಬಾ, ಎಪ್ಪತ್ತೊಂದರ ಯುದ್ಧ. ಊರಿನ ಕಾಗದಕ್ಕಾಗಿ ತಾಂಬಾದ ಹಳೆಯ ಶಾಲೆಗೆ ಹೋದೆ. ದಾಖಲಾತಿ ವಹಿಯಲ್ಲಿ ಅದೇ ಹೆಸರು ಸಿಕ್ಕಿತು: ಮಹಬೂಬಸಾಬ, ಏಳನೆಯ ಇಯತ್ತೆ ಪಾಸು, ಶಾಲೆ ಬಿಟ್ಟ ದಾಖಲೆ ಕೊಟ್ಟಿದೆ. ಎರಡು ಕಾಗದ, ಒಂದೇ ಹೆಸರು. ನಿಯಮದ ಪ್ರಕಾರ ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು. ಅಷ್ಟಕ್ಕೇ ಎದ್ದು ಬಸ್ಸು ಹಿಡಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮನೆಯಲ್ಲಿ ಒಂದು ಫೋಟೋ ಸಿಕ್ಕೀತೆಂದು, ಶಾಲೆಯ ಅಡುಗೆಯ ಹೆಣ್ಣುಮಗಳನ್ನು ಮಹಬೂಬಸಾಬರ ಮನೆ ಎಲ್ಲಿ ಎಂದು ಕೇಳಿದೆ.

"ಮಹಬೂಬ ಚಾಚಾ ಈಗ ಮನ್ಯಾಗ ಎಲ್ಲಿ ಇರ್ತಾನ್ರಿ, ನಿಂಬಿ ತ್ವಾಟದಾಗ ಇರ್ತಾನ" ಅಂದಳು.

ನಾನು ನಕ್ಕೆ. "ಆ ಮಹಬೂಬ ಅಲ್ಲವಾ, ಯುದ್ಧದಾಗ ಸತ್ತಂವ."

ಅವಳು ನಗಲಿಲ್ಲ. ಸೌಟನ್ನು ಪಾತ್ರೆಯಲ್ಲೇ ಬಿಟ್ಟು, "ನೀವು ಚಾಚಾನ್ನ ಕೇಳ್ರಿ" ಅಂದು ಬಾಗಿಲ ತನಕ ಬಂದು ದಾರಿ ತೋರಿಸಿದಳು.

ತೋಟದಲ್ಲಿ ಎಪ್ಪತ್ತೈದರ ಆಸುಪಾಸಿನ ಒಬ್ಬರು ಗಿಡದ ನೆರಳಿಗೆ ಕೂತು ನಿಂಬೆಹಣ್ಣು ಆರಿಸುತ್ತಿದ್ದರು. ದೊಡ್ಡವು ಒಂದು ಗುಂಪು, ಸಣ್ಣವು ಒಂದು ಗುಂಪು. ಪಕ್ಕದಲ್ಲಿ ಅವರ ಮಗ ಚೀಲದ ಬಾಯಿ ಹೊಲಿಯುತ್ತಿದ್ದ. ನಾನು ಬಂದ ಕಾರಣ ಹೇಳಿ ಪಟ್ಟಿ ತೋರಿಸಿದೆ. ಅವರು ಕನ್ನಡಕ ಏರಿಸಿ ತಮ್ಮದೇ ಹೆಸರನ್ನು ಓದಿದರು, ಪಟ್ಟಿಯನ್ನು ಮಡಚಿ ನನ್ನ ಕೈಗೇ ಕೊಟ್ಟರು. ನೀರು ಕೊಡು ಎಂದು ಮಗನಿಗೆ ಸನ್ನೆ ಮಾಡಿ, ಕೇಳದೆಯೇ ಹೇಳತೊಡಗಿದರು.

"ಮಿಲ್ಟ್ರಿ ಭರ್ತಿ ಬಿಜಾಪುರದಾಗ ಇತ್ರಿ ಸರ. ಭರ್ತಿಗೆ ಹೋದಂವ ನಾ. ನನ್ನ ತಮ್ಮ ಲಾಲಸಾಬ ನನ್ನಕಿಂತ ಎರಡ ವರ್ಷಕ್ಕ ಸಣ್ಣಾಂವ, ರೊಟ್ಟಿ ಗಂಟ ಹೊತಗೊಂಡ ಬೆನ್ನ ಹತ್ತಿ ಬಂದಿದ್ದ. ನಂದು ಎದಿ ಅಳದ್ರು, ಕಡಿಮಿ ಬಿತ್ತು. ಹೋಗ ಅಂದ್ರು. ಬೇವಿನ ಗಿಡದ ಕೆಳಗ ಅಳಕೋತ ಕುಂತಿದ್ದೆ. ಅಂವ ಬಂದು, 'ನಿನ್ನ ಸಾಲಿ ಕಾಗದ ತಾ ಇಲ್ಲೆ' ಅಂದ. ಅಂವಂದು ಮೂರನೇ ಇಯತ್ತಾಕ್ಕ ಸಾಲಿ ಬಿಟ್ಟಿತ್ತು. ಮೈ ಮಾತ್ರ ಎತ್ತಿನಂಗ ಇತ್ತು. ಕೊಟ್ಟೆ. ಮರದಿನಾ ನನ್ನ ಹೆಸರ ಹೇಳಿ ಸಾಲಿನಾಗ ನಿಂತ, ಓಡಿದ, ಗೆದ್ದ."

ಹೀಗೆ ಲಾಲಸಾಬ ಅಣ್ಣನ ಹೆಸರಿನಲ್ಲಿ ಸಿಪಾಯಿಯಾದ. ಆ ಕಾಲದಲ್ಲಿ ನಮ್ಮ ಕಡೆ ಇದೇನು ದೊಡ್ಡ ಗುಟ್ಟಲ್ಲ. ಮನೆಯಲ್ಲಿ ಒಬ್ಬ ಓದಿರುತ್ತಿದ್ದ, ಇನ್ನೊಬ್ಬ ಗಟ್ಟಿ ಇರುತ್ತಿದ್ದ, ಕಾಗದ ಮಾತ್ರ ಒಂದೇ. ಸೂಟಿಗೆ ಬಂದಾಗ ಲಾಲಸಾಬ ಅಣ್ಣನಿಗೆ, "ನಾ ಅಲ್ಲಿ ನೀ ಆಗೇನಿ, ನೀ ಇಲ್ಲಿ ಯಾರಾಗಿರ್ತಿ?" ಎಂದು ಚೇಷ್ಟೆ ಮಾಡುತ್ತಿದ್ದನಂತೆ. ಅವನು ಸೂಟಿಗೆ ಬಂದದ್ದು ಎರಡೇ ಸಲ.

"ತಾರ ಬಂದಾಗ ಟಪಾಲಿನಂವನ ಸೈಕಲ್ ಹಿಡಕೊಂಡ ನಿಂತಂವ ನಾನ ಇದ್ದೆ. ಅಂವ ಒಡದ ಓದಿದ. ನನ್ನ ಮಾರಿ ನೋಡ್ದ, ಕಾಗದ ನೋಡ್ದ, ಮತ್ತ ನನ್ನ ಮಾರಿ ನೋಡ್ದ. ಮಹಬೂಬಸಾಬ ಸತ್ತಾನಂತ ಬಂದೈತಿ ಅಂದ. ನಮ್ಮವ್ವಗ ತಟ್ನ ತಿಳೀತು. ನನ್ನ ಕಡಿ ನೋಡಲೇ ಇಲ್ಲ. ಲಾಲ್ಯಾ ಅಂತ ಒಂದ ಸಲ ಚೀರಿದ್ಲು, ಬಾಯಾಗ ಸೆರಗ ತುರುಕೊಂಡ್ಳು. ಸರಕಾರಿ ಸಾಹೇಬ್ರು ಮನಿಗೆ ಬಂದಾಗ ನನ್ನ ಹೆಸರ ಹಿಡದ ಅತ್ಲು, ಅವ್ರು ಹೋದ ಮ್ಯಾಲ ಅವನ ಹೆಸರ ಹಿಡದ ಅತ್ಲು. ಖರೇ ಹೇಳಿದ್ರ ನನ್ನ ಜೇಲಿಗೆ ಹಾಕ್ತಾರಂತ ಅಂಜಿಕಿ ಆಕಿಗೆ."

ಹೆಣ ಊರಿಗೆ ಬರಲಿಲ್ಲ. ಪ್ರತಿ ವರ್ಷ ಮನೆಯೊಳಗೆ ಲಾಲಸಾಬನ ಹೆಸರಿನಲ್ಲಿ ಫಾತಿಹಾ ಓದಿಸುತ್ತಾರೆ. ಹೊರಗೆ ಮಾತ್ರ, ಐವತ್ತು ವರ್ಷದಲ್ಲಿ ಒಮ್ಮೆಯೂ, ಅವನು ಯುದ್ಧದಲ್ಲಿ ಸತ್ತನೆಂದು ಯಾರೂ ಬಾಯಿ ಬಿಟ್ಟು ಹೇಳಿಲ್ಲ.

"ನನಗ ಬ್ಯಾರೇ ಏನೂ ಬ್ಯಾಡ್ರಿ ಸರ. ನಾ ಸಾಯೂದ್ರೊಳಗ ಲಾಲಸಾಬ ಅಂತ ಒಂದ ಕಡೆ ಬರೀರಿ."

ನನ್ನ ಕಣ್ಣು ತೇವವಾದದ್ದು ನಿಜ. ಬರೆಸಿಯೇ ಬರೆಸುತ್ತೇನೆ ಚಾಚಾ, ಎಂದು ಅವರ ಕೈ ಹಿಡಿದು ಮಾತು ಕೊಟ್ಟೆ.

ಸುಬೇದಾರರು ಕಥೆ ಪೂರ್ತಿ ಕೇಳಿದರು. "ನನ್ನ ಪಲ್ಟನ್ನಿನಾಗ ಇಂಥಾವ್ರು ಇಬ್ರು ಇದ್ರು. ಮಾಸ್ತರ, ಕಾಗದದಾಗ ಇದ್ದದ್ದ ಕೆತ್ತಸ್ರಿ. ಊರಿಗೆ ಗೊತ್ತೈತಿ, ಅವನ ಅಣ್ಣಗ ಗೊತ್ತೈತಿ. ಹುತ್ತಕ್ಕ ಕೈ ಹಾಕಬ್ಯಾಡ್ರಿ." ನಾನು ಕೇಳಲಿಲ್ಲ. ಮಾತು ಕೊಟ್ಟಿದ್ದೇನೆ, ಮೇಲಾಗಿ ಸುಳ್ಳು ಹೆಸರನ್ನು ಕಲ್ಲಿಗೆ ಹಾಕಿದರೆ ಇತಿಹಾಸಕ್ಕೆ ಏನು ಬೆಲೆ ಎಂದೆ. ದಾಖಲೆಯನ್ನೇ ತಿದ್ದಿಸುತ್ತೇನೆ ಎಂದೆ.

ಇಂಡಿಯಲ್ಲಿ ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿದೆ. ತಾಂಬಾದ ಇಬ್ಬರು ಹಿರಿಯರ ಹೇಳಿಕೆ ಬರೆಸಿ ಹೆಬ್ಬೆಟ್ಟು ಒತ್ತಿಸಿದೆ. ಭರ್ತಿಯ ದಿನದ ಹಾಳೆಯ ಪ್ರತಿ ಬೇಕೆಂದು ದಾಖಲೆ ಕಚೇರಿಗೆ ಬರೆದೆ. ಮೂರು ತಿಂಗಳಿಗೆ ಬಂತು. ಅದರಲ್ಲಿ ಗುರುತಿನ ಚಿಹ್ನೆ ಎಂಬಲ್ಲಿ 'ಬಲಹುಬ್ಬಿನ ಮೇಲೆ ಗಾಯದ ಕಲೆ' ಎಂದಿತ್ತು. ಅದನ್ನು ಹಿಡಿದುಕೊಂಡು ಅಂದೇ ತಾಂಬಾಕ್ಕೆ ಓಡಿದೆ. ಚಾಚಾನ ಹುಬ್ಬಿನ ಮೇಲೆ ಕಲೆ ಇರಲಿಲ್ಲ. "ಅದು ಎತ್ತಿನ ಕೋಡ ಬಡದದ್ರಿ, ಲಾಲ್ಯಾಗ" ಎನ್ನುತ್ತ ಅವರು ತಮ್ಮದೇ ಹುಬ್ಬನ್ನು ಮುಟ್ಟಿಕೊಂಡರು. ಆ ದಿನ ನಾನು ಗೆದ್ದೆ ಎಂದುಕೊಂಡೆ. ಎಲ್ಲವನ್ನೂ ಕೂಡಿಸಿ, ಮೇಲೊಂದು ನಾಲ್ಕು ಪುಟದ ಪತ್ರ ಬರೆದು ಕಳಿಸಿದೆ. ಅಂಥ ಪತ್ರ ನಾನು ಜನ್ಮದಲ್ಲಿ ಬರೆದಿರಲಿಲ್ಲ, ಅಷ್ಟು ಚೆನ್ನಾಗಿತ್ತು.

ಉತ್ತರ ನಾಲ್ಕೇ ಸಾಲಿನದು. ಭರ್ತಿಯಾದ ವ್ಯಕ್ತಿ ಮಹಬೂಬಸಾಬ ಅಲ್ಲ ಎಂದು ನೀವೇ ತಿಳಿಸಿದ್ದೀರಿ. ಅವನು ಲಾಲಸಾಬ ಎಂಬುದಕ್ಕೆ ಲಾಲಸಾಬನ ದಾಖಲೆ ಕಳಿಸಿರಿ. ಸದರಿ ಲಾಲಸಾಬ ಎಂಬವರು ಈಗ ಬದುಕಿದ್ದಾರೆಯೇ ಇಲ್ಲವೇ ಎಂಬುದನ್ನೂ ತಿಳಿಸಿರಿ. ವಿಚಾರಣೆ ಮುಗಿಯುವ ತನಕ ಇವೆರಡರಲ್ಲಿ ಯಾವ ಹೆಸರನ್ನೂ ಯಾವ ಸ್ಮಾರಕದಲ್ಲೂ ಸೇರಿಸತಕ್ಕದ್ದಲ್ಲ.

ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆಯನ್ನು ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ಒದೆಸಿಕೊಂಡದ್ದು ಆಗಲೇ.

ಲಾಲಸಾಬನ ದಾಖಲೆ ಹುಡುಕಲು ಮತ್ತೆ ಶಾಲೆಗೆ ಹೋದೆ. ಅವನು ಸೇರಿದ ವರ್ಷದ ವಹಿಯನ್ನು ತೆಗೆದರೆ ಗೆದ್ದಲು ತಿಂದು ನಡುವಿನ ಹಾಳೆಗಳೆಲ್ಲ ಮಣ್ಣಾಗಿದ್ದವು. ಊರಿನ ಕಚೇರಿಯಲ್ಲಿ ಕೇಳಿದಾಗ ಲಾಲಸಾಬ ಎಂಬ ಹೆಸರು ಒಂದೇ ಸಲಕ್ಕೆ ಸಿಕ್ಕಿತು. ರೇಷನ್ ಕಾರ್ಡಿನಲ್ಲಿತ್ತು, ಮತದಾರರ ಪಟ್ಟಿಯಲ್ಲಿತ್ತು, ಆಧಾರದಲ್ಲೂ ಇತ್ತು. ಎಲ್ಲದರಲ್ಲೂ ಫೋಟೋ ಮಾತ್ರ ಚಾಚಾನದು. ನಾನು ತೋಟಕ್ಕೆ ಹೋಗಿ ಸಿಟ್ಟಿನಿಂದಲೇ ಕೇಳಿದೆ, ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು.

"ಸತ್ತಂವಗ ರೇಷನ್ ಕೊಡ್ತಾರೇನ್ರಿ ಸರ? ಸರಕಾರದಾಗ ಮಹಬೂಬ ಸತ್ತಿದ್ದ. ಮನ್ಯಾಗ ಉಳದ ಹೆಸರ ಒಂದ ಇತ್ತು. ಅದನ್ನ ತಗೊಂಡೆ."

ಕಾಗದದಲ್ಲಿ ಸತ್ತವನು ತೋಟದಲ್ಲಿ ನಿಂಬೆ ಆರಿಸುತ್ತಿದ್ದ, ಯುದ್ಧದಲ್ಲಿ ಸತ್ತವನು ಕಾಗದದಲ್ಲಿ ಮತ ಹಾಕುತ್ತಿದ್ದ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದೆ. ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ, ಎರಡನೆಯ ಪತ್ರ ಬರೆದೆ. ಅದರ ಫಲವಾಗಿ ವಿಚಾರಣೆಗೆಂದು ಒಬ್ಬ ಅಧಿಕಾರಿ ತಾಂಬಾಕ್ಕೆ ಬಂದರು. ಪಂಚಾಯಿತಿಯ ಮುಂದೆ, ಹತ್ತು ಜನರ ಎದುರು, ಚಾಚಾನನ್ನು ಕುರ್ಚಿಯ ಮೇಲೆ ಕೂಡಿಸಿ, ನೀವು ಯಾರು, ನಿಮ್ಮ ಹೆಸರೇನು, ಇದು ನಿಮ್ಮದೇ ಸಹಿಯೇ, ಹಾಗಾದರೆ ಅದು ಯಾರ ಸಹಿ ಎಂದು ಎರಡು ತಾಸು ಕೇಳಿದರು. ಗದರಿಸಲಿಲ್ಲ, ಏನೂ ಇಲ್ಲ. ಬರೀ ಕೇಳಿದರು. ನಾನು ಪಕ್ಕದಲ್ಲಿ ನಿಂತು ಕಾಗದಗಳನ್ನು ಒಂದೊಂದಾಗಿ ಎತ್ತಿ ಕೊಡುತ್ತಿದ್ದೆ. ಕೊನೆಗೆ ಹೆಸರು ಬರೆಯಿರಿ ಎಂದಾಗ ಚಾಚಾ ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡಿದರು. ಯಾವ ಹೆಸರು ಬರೆಯಲಿ ಎಂದು ಕೇಳುವ ನೋಟ ಅದು. ನಾನು ತಲೆ ತಗ್ಗಿಸಿ ಕಾಗದ ಜೋಡಿಸಿದೆ.

ವಿಚಾರಣೆಯ ತೀರ್ಮಾನ ಬರುವ ಮೊದಲೇ ಮುದ್ದೇಬಿಹಾಳದಲ್ಲಿ ಕಲ್ಲು ಸಿದ್ಧವಾಗಿತ್ತು. ಈಗ ಅಕ್ಷರಗಳನ್ನು ಚಾಣದಿಂದ ಕಡಿಯುವವರು ಕಡಿಮೆ. ಕಂಪ್ಯೂಟರಿನಲ್ಲಿ ಅಕ್ಷರ ಕತ್ತರಿಸಿದ ರಬ್ಬರಿನಂಥ ಹಾಳೆಯನ್ನು ಕಲ್ಲಿಗೆ ಅಂಟಿಸಿ, ಮೇಲೆ ಜೋರಾಗಿ ಮರಳು ಹೊಡೆಯುತ್ತಾರೆ. ಅಕ್ಷರದ ಜಾಗ ಮಾತ್ರ ಕೊರೆದು ಆಳವಾಗುತ್ತದೆ. ಹಾಳೆ ಅಂಟಿಸಿದ ಮೇಲೆ, ಮರಳು ಹೊಡೆಯುವ ಮೊದಲು, ನಾನು ಕೊನೆಯ ಸಲ ಓದಿ ನೋಡಬೇಕಿತ್ತು. ಒಮ್ಮೆ ಮರಳು ಬಿತ್ತೆಂದರೆ ಮುಗಿಯಿತು. ಸುಬೇದಾರರೂ ಬಂದಿದ್ದರು. ನಾಲ್ಕು ತಾಲೂಕಿಗೆ ನಾಲ್ಕು ಸಾಲು. ಇಂಡಿಯ ಸಾಲಿನಲ್ಲಿ ಏಳನೆಯದು ನಾನು ಮೊದಲೇ ಕೊಟ್ಟಿದ್ದ ಹಳೆಯ ಪಟ್ಟಿಯಲ್ಲಿದ್ದಂತೆಯೇ ಇತ್ತು: ಸಿಪಾಯಿ ಮಹಬೂಬಸಾಬ, ತಾಂಬಾ.

ಹನ್ನೊಂದರ ಹೊತ್ತಿಗೆ ಚಾಚಾ ಮಗನನ್ನು ಕರೆದುಕೊಂಡು ಅಲ್ಲಿಗೆ ಬಂದರು. ಎರಡು ಬಸ್ಸು ಬದಲಿಸಿ ಬಂದಿದ್ದರು. ಕಲ್ಲಿನ ಮುಂದೆ ಕೂತು ಏಳನೆಯ ಹೆಸರಿನ ಮೇಲೆ ಬೆರಳಾಡಿಸಿದರು. ಎದ್ದು ನನ್ನ ಹತ್ತಿರ ಬಂದರು.

"ಸರ, ಇದನ್ನ ಇರಲಿ ಬಿಡ್ರಿ."

"ಇದು ನಿಮ್ಮ ಹೆಸರಲ್ರಿ ಚಾಚಾ?"

"ಹೌದ್ರಿ. ಐವತ್ತ ವರ್ಷ ನಾ ಅವನ ಹೆಸರಾಗ ಉಂಡೇನಿ, ತಿಂದೇನಿ. ಅಂವ ಈ ಕಲ್ಲಿನ ಮ್ಯಾಲ ನನ್ನ ಹೆಸರಾಗ ಇರಲಿ. ಓದೂ ಮಂದಿ ಮಹಬೂಬಸಾಬ ಅಂತ ಓದಲಿ, ನಾ ಲಾಲ್ಯಾ ಅಂತ ಓದಕೋತೇನಿ."

ಯುದ್ಧವನ್ನು ನೆನೆಯುವುದು ಹೇಗೆಂದು ನಾನು ಓದಿದ ಯಾವ ಗ್ರಂಥವೂ ಇದಕ್ಕಿಂತ ಚೆನ್ನಾಗಿ ಹೇಳಿಲ್ಲ. ಆದರೆ ಆ ದಿನ ನನ್ನ ಕಿವಿಗೆ ಅದು ಸೋತವನ ಮಾತಿನಂತೆ ಕೇಳಿಸಿತು. ಕಚೇರಿಯ ಪತ್ರ ತೆಗೆದು ತೋರಿಸಿದೆ. ಸುಬೇದಾರರು ಅದನ್ನು ಪಕ್ಕಕ್ಕೆ ಸರಿಸಿ, "ಅದನ್ನ ನಾ ನೋಡ್ಕೋತೇನಿ. ಕಲ್ಲ ನಮ್ಮದು. ಪಟ್ಟಿ ನಿಮ್ಮದು, ನೀವ ಹೇಳ್ರಿ ಮಾಸ್ತರ" ಅಂದರು. ಅಂದರೆ ಕಚೇರಿಯ ಮೇಲೆ ಹಾಕಿ ತಪ್ಪಿಸಿಕೊಳ್ಳುವ ದಾರಿಯೂ ನನಗಿಲ್ಲ. ತೀರ್ಮಾನ ನನ್ನೊಬ್ಬನದೇ.

"ಚಾಚಾ, ನೀವು ನನ್ನ ಮುಂದ ಜೀವಂತ ನಿಂತೀರಿ. ಬದುಕಿದವರ ಹೆಸರ ಸತ್ತವರ ಕಲ್ಲಿನ ಮ್ಯಾಲ ಕೆತ್ತಿಸಿದ್ರ ಅದು ಸುಳ್ಳ ಆಗ್ತೈತಿ. ಜಾಗಾ ಖಾಲಿ ಬಿಡಸ್ತೇನಿ. ಒಂದ ವರ್ಷದಾಗ ಲಾಲಸಾಬ ಅಂತ ಬರೇಸೇ ಬರೇಸ್ತೇನಿ."

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಚಾಚಾ ಕಲ್ಲಿನ ಕಡೆ ತಿರುಗಿದರು. "ನೀವು ಓದಿದವ್ರು" ಎಂದಷ್ಟೇ ಅಂದರು. ಕಲ್ಲಿನ ಕೆಲಸದವನು ಸುಬೇದಾರರ ಕಡೆ ನೋಡಿದ, ಅವರು ಮುಖ ತಿರುಗಿಸಿದರು. ಅವನು ಬ್ಲೇಡಿನ ತುದಿಯಿಂದ ಏಳನೆಯ ಹೆಸರಿನ ಹಾಳೆಯನ್ನು ಎಬ್ಬಿಸಿ ತೆಗೆದ, ಅಕ್ಷರವಿಲ್ಲದ ಪಟ್ಟಿಯೊಂದನ್ನು ಅಲ್ಲಿ ಅಂಟಿಸಿ ಮರಳಿನ ಯಂತ್ರ ಚಾಲು ಮಾಡಿದ.

ಮನೆಯಲ್ಲಿ ನಾವು ಮರಾಠಿಯಲ್ಲಿ ಮಾತಾಡುತ್ತೇವೆ. ನನ್ನ ಹೆಂಡತಿ ಬೈಯುವಾಗ ಮಾತ್ರ ಕನ್ನಡಕ್ಕೆ ಬರುತ್ತಾಳೆ. ಅಂದು ನಡೆದದ್ದನ್ನು ಹೇಳಿದಾಗ, "ಕಾಗದ ಓದಿ ಓದಿ ನಿಮಗ ಮನಷ್ಯಾರ ಮಾರಿ ಓದೂದು ಮರತೈತಿ" ಅಂದಳು. ನಾನು ಸಿಟ್ಟಾಗಿ ಊಟ ಬಿಟ್ಟು ಎದ್ದೆ. ಅವಳ ಮಾತು ಸುಳ್ಳೆಂದು ಸಿಟ್ಟು ಬಂದದ್ದಲ್ಲ.

ಇಂಡಿಯಲ್ಲಿ ಕಲ್ಲು ನಿಲ್ಲಿಸಿದ ದಿನ ಜನ ಚೆನ್ನಾಗಿ ಸೇರಿದ್ದರು. ಸುಬೇದಾರರು ಹೆಸರುಗಳನ್ನು ಓದಿದರು. ಪ್ರತಿ ಹೆಸರಿಗೂ ಆ ಮನೆಯವರು ಮುಂದೆ ಬಂದು ಹೂವಿಟ್ಟು ಹೋಗುತ್ತಿದ್ದರು. ಇಂಡಿ ಸಾಲಿನ ಆರನೆಯ ಹೆಸರಾದ ಮೇಲೆ ಸುಬೇದಾರರು ಒಂದು ಕ್ಷಣ ನಿಂತು ಎಂಟನೆಯದನ್ನು ಓದಿದರು. ಚಾಚಾ ಬಿಳಿ ನೆಹರೂ ಶರ್ಟು, ಹೊಸ ಟೋಪಿ ತೊಟ್ಟು, ಕೈಯಲ್ಲಿ ಚೆಂಡುಹೂವಿನ ಪೊಟ್ಟಣ ಹಿಡಿದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಎಲ್ಲ ಮುಗಿದು ಜನ ಉಪ್ಪಿಟ್ಟಿನ ಕಡೆ ಹೋದಾಗ ಅವರು ಕಲ್ಲಿನ ಹತ್ತಿರ ಹೋದರು. ನಾನೂ ಹೋದೆ. ಖಾಲಿ ಜಾಗವನ್ನು ಅಂಗೈಯಿಂದ ಒರೆಸಿದರು.

"ಮದ್ಲಿನ ಪಟ್ಟ್ಯಾಗ ನನ್ನ ಹೆಸರಾದ್ರೂ ಇತ್ತಲ್ರಿ ಸರ" ಅಂದರು. ಹೂವನ್ನು ಎಲ್ಲಿಡಬೇಕೆಂದು ತಿಳಿಯದೆ ಪೊಟ್ಟಣವನ್ನು ಹಾಗೆಯೇ ಕಿಸೆಗೆ ಹಾಕಿಕೊಂಡರು.

ಆ ಮಳೆಗಾಲದಲ್ಲಿ ಅವರಿಗೆ ಜ್ವರ ಬಂದು ಎದೆಗೆ ಇಳಿಯಿತು. ಇಂಡಿಯ ದವಾಖಾನೆಯಲ್ಲಿ ನಾಲ್ಕು ದಿನ ಇದ್ದು ತೀರಿಕೊಂಡರು. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಮಣ್ಣು ಕೊಟ್ಟಾಗಿತ್ತು. ನಲವತ್ತನೆಯ ದಿನ ಮುಗಿದ ವಾರ ಅವರ ಮಗ ಸಿಂದಗಿಗೆ ನಮ್ಮ ಮನೆಗೆ ಬಂದ. ಕೈಯಲ್ಲಿ ಮರಣ ಪ್ರಮಾಣಪತ್ರ. ಕಚೇರಿಯವರು ಲಾಲಸಾಬ ಬದುಕಿದ್ದಾನೆಯೇ ಎಂದು ಕೇಳಿದ್ದರಲ್ಲ, ಅದಕ್ಕೆ ಬೇಕಾದೀತೆಂದು ತಂದಿದ್ದ. ನಾನು ಬಿಚ್ಚಿ ಓದಿದೆ. ಆಧಾರ ಕಾರ್ಡಿನಲ್ಲಿದ್ದದ್ದನ್ನೇ ಬರೆದಿದ್ದರು. ಮೃತರ ಹೆಸರು ಲಾಲಸಾಬ. ಮರಣದ ಸ್ಥಳ ಇಂಡಿ. ಕಾರಣ ಜ್ವರ.

ಇನ್ನು ಯಾರೂ ಏನೂ ಮಾಡುವಂತಿರಲಿಲ್ಲ. ಲಾಲಸಾಬ ಯುದ್ಧದಲ್ಲಿ ಸತ್ತ ಎಂಬುದಕ್ಕೆ ಇದ್ದ ಒಂದೇ ಪುರಾವೆ ಈ ಮಹಬೂಬಸಾಬ ಬದುಕಿರುವುದು. ಅದು ಹೋಯಿತು. ಈಗ ಸರಕಾರದ ಪಾಲಿಗೆ ಲಾಲಸಾಬ ಎಪ್ಪತ್ತು ದಾಟಿ ದವಾಖಾನೆಯ ಹಾಸಿಗೆಯಲ್ಲಿ ಸತ್ತವನು. ಯುದ್ಧದಲ್ಲಿ ಸತ್ತವನು ಯಾರೂ ಅಲ್ಲ. ನಾನು ಆ ಪ್ರತಿಯನ್ನು ಕಚೇರಿಗೆ ಕಳಿಸಲಿಲ್ಲ. ಅದೊಂದೇ ನಾನು ಕಳಿಸದ ಕಾಗದ.

ಇದನ್ನೆಲ್ಲ ಮಗನಿಗೆ ಬಿಡಿಸಿ ಹೇಳಿದೆ. ನನ್ನ ತಪ್ಪು ಎಂದೂ ಹೇಳಿದೆ. ಅವನು ಬೈಯುತ್ತಾನೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು.

"ಹಂಗ ಅನಬ್ಯಾಡ್ರಿ ಸರ. ಅಬ್ಬಾ ಹೇಳ್ತಿದ್ದಾ, ಮಾಸ್ತರು ನಮ್ಮ ಸಲುವಾಗಿ ಬಾಳ ತಿರುಗ್ಯಾರಂತ" ಅಂದ. ಚಹಾ ಕುಡಿದು ಬಸಿ ಕೆಳಗಿಟ್ಟು, ಎದ್ದು ನಿಂತವನು ಮತ್ತೆ ಕೂತ. "ಇನ್ನೊಂದ ಮಾತ ಕೇಳೂದಿತ್ರಿ. ಗೋರಿ ತಲಿದೆಸಿಗೆ ಒಂದ ಸಣ್ಣ ಕಲ್ಲ ಹಾಕ್ಸೂದೈತಿ. ಹೆಸರ ಬರಸ್ಬೇಕು."

"ಬರಸಪಾ."

"ದವಾಖಾನ್ಯಾಗ ಇದ್ದಾಗ ಅಬ್ಬಾ ಹೇಳ್ಯಾನ್ರಿ, ಅದರ ಮ್ಯಾಲ ನನ್ನ ಹೆಸರ ಬ್ಯಾಡ, ಲಾಲಸಾಬ ಅಂತ ಬರಸ್ರಿ, ಅಂವಗ ಎಲ್ಲೂ ಗೋರಿ ಇಲ್ಲ ಅಂತ." ಅವನು ನೆಲ ನೋಡುತ್ತ ಕೇಳಿದ. "ಮಣ್ಣಾಗ ಇರಾಂವ ಅಬ್ಬಾ, ಮ್ಯಾಲ ಹೆಸರ ಕಾಕಾಂದು. ಹಂಗ ಬರಸಿದ್ರ ಸುಳ್ಳ ಆಗ್ತೈತೇನ್ರಿ ಸರ?"

ಅವನ ಮಾತಿನಲ್ಲಿ ಚುಚ್ಚು ಇರಲಿಲ್ಲ. ಓದಿದವರನ್ನು ಕೇಳಿ ಮಾಡೋಣ ಎಂದು ನಿಜವಾಗಿಯೂ ಕೇಳಲು ಬಂದಿದ್ದ.

"ಇಲ್ಲಪಾ, ಸುಳ್ಳ ಆಗೂದಿಲ್ಲ. ಬರಸು" ಎಂದೆ. ಅದನ್ನು ನಾನು ಅವನ ಅಪ್ಪನಿಗೆ ಹೇಳಬೇಕಾಗಿತ್ತು.